ಫೋನಿನಲ್ಲಿ ಹಾಕಿದ ಸಾಕ್ಷಿ

ನನ್ನ ಸಹಿ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಹಿಂದೆ ಹೇಳುತ್ತಿದ್ದವರೆಲ್ಲ ಈಗ ಹೇಳುವುದನ್ನು ಬಿಟ್ಟಿರುವುದರಿಂದ ಆ ಕೆಲಸವೂ ನನ್ನ ಪಾಲಿಗೇ ಬಂದಿದೆ. ಮೈಸೂರಿನಲ್ಲಿ ಓದುತ್ತಿದ್ದಾಗ ರಸಾಯನಶಾಸ್ತ್ರದ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಆರು ತಿಂಗಳು ತಿದ್ದಿ ತಿದ್ದಿ ಸಿದ್ಧಿಸಿಕೊಂಡ ಸಹಿ ಅದು. ಮೊದಲ ಅಕ್ಷರ ಬಾತುಕೋಳಿಯ ಕತ್ತಿನಂತೆ ಬಾಗಿ ಏಳುತ್ತದೆ. ನಡುವಿನವು ಯಾರ ಕೈಗೂ ಸಿಗದ ಹಾಗೆ ಓಡುತ್ತವೆ. ಕೊನೆಯ ಗೆರೆ ಹಿಂದಿರುಗಿ ಬಂದು ಇಡೀ ಹೆಸರಿಗೆ ಹಾಸಿಗೆ ಹಾಸುತ್ತದೆ. ಕೆಳಗೆ ಎರಡು ಚುಕ್ಕಿ. ಆ ಚುಕ್ಕಿಗಳಿಗೆ ಅರ್ಥವೇನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಆ ವರ್ಷ ರಸಾಯನಶಾಸ್ತ್ರದಲ್ಲಿ ಬಂದ ಅಂಕಗಳ ಮಾತು ಇಲ್ಲಿ ಬೇಡ.

ಮುಂಬಯಿಗೆ ಬಂದು, ಸರ್ಕಾರಿ ಕಚೇರಿಯೊಂದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಎಂಬತ್ತರ ದಶಕದ ಹೊತ್ತಿಗೆ ನಾನು ಗೆಜೆಟೆಡ್ ಅಧಿಕಾರಿಯಾದೆ. ಅಂದರೆ ಹಸಿರು ಶಾಯಿಯಲ್ಲಿ ಸಹಿ ಮಾಡುವ ಹಕ್ಕು ಬಂತು. ಹಕ್ಕು ಎಂದು ನಾನು ತಿಳಿದಿದ್ದೆ, ಅಷ್ಟೆ. ಹಸಿರೇ ಆಗಬೇಕೆಂದು ಯಾವ ಕಾನೂನಿನಲ್ಲೂ ಇಲ್ಲವೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ನಾವು ವಿಲೆ ಪಾರ್ಲೆಯಲ್ಲಿ ಸ್ಟೇಷನ್ನಿಗೆ ಹತ್ತಿರದ ಬಿಲ್ಡಿಂಗಿನಲ್ಲಿದ್ದೆವು. ಭಾನುವಾರ ಬೆಳಗಾದರೆ ಅಂಕಪಟ್ಟಿ, ಜಾತಿಪತ್ರ, ಜನನಪತ್ರಗಳ ನಕಲು ಹಿಡಿದು ಕನ್ನಡಿಗರು, ಮರಾಠಿಗರು, ಗುಜರಾತಿಗಳು ಬಾಗಿಲಲ್ಲಿ ನಿಲ್ಲುತ್ತಿದ್ದರು. ‘ಮೂಲದಂತೆ ನಕಲು’ ಎಂಬ ರಬ್ಬರ್ ಮೊಹರು ಒತ್ತಿ, ಕೆಳಗೆ ನಾನು ಬಾತುಕೋಳಿ ಹಾರಿಸುತ್ತಿದ್ದೆ. ಮೂಲವನ್ನು ನೋಡುತ್ತಿದ್ದೆನೇ? ನೋಡಬೇಕೆಂಬ ನಿಯಮವಿತ್ತು. ಒಮ್ಮೆ ಯಾರದೋ ಕಟ್ಟಿನ ನಡುವೆ ಸೇರಿಕೊಂಡಿದ್ದ ಡಾಕ್ಟರ ಔಷಧದ ಚೀಟಿಗೂ ‘ಮೂಲದಂತೆ ನಕಲು’ ಎಂದು ದೃಢೀಕರಿಸಿದ್ದೆ. ಅದು ಮೂಲವೇ ಆಗಿತ್ತು. ನನ್ನ ಹೆಂಡತಿ ಸರೋಜ ಅದನ್ನು ಎಷ್ಟೋ ದಿನ ಹೇಳಿ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲವೆಂದು ತಿಳಿಯಲು ನನಗೆ ಒಂದು ಕೋರ್ಟು ಬೇಕಾಯಿತು.

ಆ ಕಥೆಗೆ ಮೊದಲು ಅನಂತಯ್ಯನವರನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ನಾನು ಇಪ್ಪತ್ತೆರಡರ ಹುಡುಗನಾಗಿ ಒಂದು ಟ್ರಂಕು ಹಿಡಿದು ಈ ಊರಿಗೆ ಬಂದಾಗ, ಯಾರೋ ದೂರದವರು ಕೊಟ್ಟ ಒಂದು ಚೀಟಿಯ ಬಲದ ಮೇಲೆ ನನ್ನನ್ನು ಮಾಟುಂಗದ ತಮ್ಮ ಒಂಟಿ ಕೋಣೆಯಲ್ಲಿ ಎಂಟು ತಿಂಗಳು ಇಟ್ಟುಕೊಂಡವರು ಅವರು. ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ನಕ್ಷೆ ಬರೆಯುವ ಜನಕ್ಕೆ ಇರುವ ಎಲ್ಲ ಅಚ್ಚುಕಟ್ಟೂ ಅವರಿಗಿತ್ತು: ಪೆನ್ಸಿಲು ಸೂಜಿಯಂತಿರಬೇಕು, ಟವೆಲು ನಾಲ್ಕು ಮಡಿಕೆ ಇರಬೇಕು, ಕಾಫಿಗೆ ಹಾಲು ಮೊದಲು ಕಾದಿರಬೇಕು. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನನ್ನ ಮದುವೆಯಲ್ಲಿ ನಮ್ಮ ಕಡೆಯ ಹಿರಿಯರೆಂದು ಮುಂಬಯಿಯಿಂದ ಬಂದು ನಿಂತವರು ಅವರೊಬ್ಬರೇ. ನಿವೃತ್ತಿಯ ಹೊತ್ತಿಗೆ ಭಾಂಡುಪಿನ ಸೊಸೈಟಿಯೊಂದರಲ್ಲಿ ಒಂದು ರೂಮು, ಅಡುಗೆಮನೆಯ ಫ್ಲ್ಯಾಟು ಕೊಂಡು ಅಲ್ಲಿಗೆ ಹೋದರು. ಆಮೇಲೂ ಪ್ರತಿ ತಿಂಗಳ ಮೊದಲ ಭಾನುವಾರ, ದಾದರಿನಲ್ಲಿ ಗಾಡಿ ಬದಲಿಸಿ, ತಾವೇ ಪುಡಿ ಮಾಡಿಸಿದ ಕಾಫಿಯ ಪೊಟ್ಟಣ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಅವರು ಬರುತ್ತಿದ್ದುದರಿಂದ ನಾವು ಹೋಗುವ ಪ್ರಶ್ನೆ ಏಳಲಿಲ್ಲ. ಕೆಲವು ಸಂಬಂಧಗಳಲ್ಲಿ ಹೀಗೆ. ಒಬ್ಬರು ಬರುತ್ತಾರೆ, ಇನ್ನೊಬ್ಬರು ‘ಬಂದದ್ದು ಸಂತೋಷ’ ಎನ್ನುತ್ತಾರೆ.

ಮಂಡಿಗಳು ಕೈಕೊಟ್ಟ ಮೇಲೆ ಅವರ ಬರುವಿಕೆ ನಿಂತಿತು. ಅವರನ್ನು ನೋಡಿಕೊಳ್ಳಲು ನೀಲವ್ವ ಎಂಬ ಹೆಂಗಸು ಇದ್ದಳು. ಬಿಜಾಪುರದ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಗಂಡನ ಜೊತೆ ಬಂದವಳು. ಗಂಡ ಸತ್ತ ಮೇಲೆ ಇವರ ಮನೆಯಲ್ಲಿ ಅಡುಗೆಗೆ ಸೇರಿದಳು. ಮೊದಲು ಅಡುಗೆ, ಆಮೇಲೆ ಬಟ್ಟೆ, ಆಮೇಲೆ ಔಷಧ, ಕೊನೆಗೆ ಅವರನ್ನು ಎಬ್ಬಿಸಿ ಕೂರಿಸುವುದರ ತನಕ ಎಲ್ಲ ಅವಳದೇ ಆಯಿತು. ಅಡುಗೆಮನೆಯಲ್ಲಿ ಮಲಗುತ್ತಿದ್ದಳು. ಅನಂತಯ್ಯನವರು ಪಕ್ಕದ ಮನೆಯ ಪರಬರ ಫೋನಿನಿಂದ ನನ್ನ ಜೊತೆ ಮಾತಾಡುತ್ತಿದ್ದರು. ಪರಬರು ಆ ಸೊಸೈಟಿಯ ಸೆಕ್ರೆಟರಿ, ಮರಾಠಿಯವರು, ಒಳ್ಳೆಯ ಮನುಷ್ಯರು.

ಒಂದು ದಿನ ಅನಂತಯ್ಯನವರ ಫೋನು ಬಂತು. “ಶಾಮು, ನಾನೊಂದು ಉಯಿಲು ಬರೆದಿದೀನಪ್ಪ. ಪರಬರು ಒಬ್ಬ ಸಾಕ್ಷಿ. ಇನ್ನೊಬ್ಬ ನೀನಾಗಬೇಕು. ಈ ಭಾನುವಾರ ಬರ್ತೀಯಾ?”

ನಾನು ಭಾನುವಾರವನ್ನು ನೆನೆದೆ. ವಾರಕ್ಕೊಂದೇ ಬರುವ ಅದರಲ್ಲಿ ಅಭ್ಯಂಜನವಿತ್ತು, ನಕಲುಗಳ ದರ್ಬಾರಿತ್ತು, ಮಧ್ಯಾಹ್ನದ ನಿದ್ದೆಯಿತ್ತು. ಇದನ್ನೆಲ್ಲ ಬಿಟ್ಟು ದಾದರಿನ ಸೇತುವೆ ಹತ್ತಿ ಇಳಿದು, ಇನ್ನೊಂದು ಲೈನಿನ ಗಾಡಿ ಹಿಡಿದು, ಭಾಂಡುಪಿಗೆ ಹೋಗಿ ಒಂದು ಸಹಿ ಹಾಕಿ ಬರಬೇಕು.

“ಕಾಗದ ಕಳಿಸಿಬಿಡಿ. ಹಾಕಿ ಕಳಿಸ್ತೀನಿ,” ಎಂದೆ.

“ಹಾಗಲ್ಲಪ್ಪ, ನನ್ನೆದುರಿಗೇ ಹಾಕಬೇಕಂತೆ. ಪರಬರ ಪೈಕಿ ಯಾರೋ ತಿಳಿದೋರು ಹೇಳಿದ್ರಂತೆ.”

ನಾನು ನಕ್ಕೆ. ಆ ನಗು ನನಗೆ ಈಗಲೂ ಕೇಳುತ್ತದೆ. “ಅನಂತಯ್ಯನೋರೇ, ಅದೆಲ್ಲ ಬ್ರಿಟಿಷರ ಕಾಲದ ಮಾತು. ಆಗ ಫೋನೆಲ್ಲಿತ್ತು? ಈಗ ನಿಮ್ಮ ದನಿ ನನಗೆ ಗೊತ್ತು, ನನ್ನ ದನಿ ನಿಮಗೆ ಗೊತ್ತು. ನೀವು ‘ಇದು ನನ್ನ ಸಹಿ’ ಅಂತ ಹೇಳಿ, ನಾನು ನಿಮ್ಮ ಕಿವಿಗೆ ಕೇಳೋ ಹಾಗೆ ಹಾಕ್ತೀನಿ. ಎದುರಿಗಿದ್ದ ಹಾಗೇ ಆಯ್ತಲ್ಲ. ನಾನು ಗೆಜೆಟೆಡ್ ಆಫೀಸರು, ನನ್ನ ಸಹಿ ಯಾರು ಪ್ರಶ್ನೆ ಮಾಡ್ತಾರೆ?”

ಒಳಗಿನಿಂದ ಸರೋಜ, “ಹೋಗಿ ಬನ್ನಿ ಅಂದ್ರೆ, ಎಷ್ಟು ಹೊತ್ತಾಗತ್ತೆ?” ಎಂದಳು. ನಾನು ಕೈಯಿಂದ ರಿಸೀವರು ಮುಚ್ಚಿಕೊಂಡೆ.

ಗೆರೆ ಒಂದು ಕೂದಲಷ್ಟು ಸರಿದರೂ ಹಾಳೆಯನ್ನೇ ಹರಿಯುತ್ತಿದ್ದವರು ಅನಂತಯ್ಯನವರು. “ನೀನು ಹೇಳಿದ ಮೇಲೆ ಸರಿಯೇ ಇರತ್ತಪ್ಪ,” ಎಂದರು.

ಭಾನುವಾರ ನೀಲವ್ವ ಬಂದಳು. ಬಟ್ಟೆಯ ಚೀಲದೊಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ಲಕೋಟೆ, ಲಕೋಟೆಯೊಳಗೆ ಎರಡು ಹಾಳೆ. ಹಾಳೆಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ, ಅವರು ಹೇಳಿಯೂ ಇರಲಿಲ್ಲ. ನಾನು ಅವಳಿಗೆ ಕೂರಲು ಹೇಳಲಿಲ್ಲ. ಬಾಗಿಲ ಬಳಿ ನಿಂತೇ ಅವಳು ಹೇಳಿದಳು: “ಸಾಹೇಬ್ರ, ಅಜ್ಜಾರ ಮುಂದ ಕುಂತು ಹಾಕಬೇಕಂತಲ್ಲರಿ? ಪರಬ ಸಾಹೇಬ್ರು ಹಂಗ ಅನ್ನಾಕತ್ತಿದ್ರು.”

“ಇದು ನಿನಗೆ ಗೊತ್ತಾಗಲ್ಲ ನೀಲವ್ವ,” ಎಂದೆ. ಆ ಮಾತನ್ನು ಹೇಳಿದ ಬಾಯಿ ಇದೇ.

ಫೋನು ಹಚ್ಚಿದೆ. ಪರಬರು ಅನಂತಯ್ಯನವರನ್ನು ಹಿಡಿದುಕೊಂಡು ಬಂದು ಫೋನಿನ ಪಕ್ಕ ಕೂರಿಸಿದ್ದರು. ಆ ಕಾಲದ ಮುಂಬಯಿ ಫೋನುಗಳಲ್ಲಿ ಇಬ್ಬರೇ ಮಾತಾಡುವುದು ಅಪರೂಪ. ನಮ್ಮ ಲೈನಿನ ನಡುವೆ ಒಬ್ಬಳು ಮರಾಠಿ ಹೆಂಗಸು ಸೇರಿಕೊಂಡು, ಸೊಸೆಯ ತವರಿನಿಂದ ಬಂದ ಲಾಡುಗಳು ಎಷ್ಟು ಗಟ್ಟಿಯೆಂದು ಯಾರಿಗೋ ವಿವರಿಸುತ್ತಿದ್ದಳು. ಲಾಡುಗಳ ನಡುವೆ ಅನಂತಯ್ಯನವರು “ಇದು ನನ್ನ ಸಹಿಯೇ ಶಾಮು” ಎಂದರು. ನಾನು “ಈಗ ಹಾಕ್ತಿದೀನಿ, ಕೇಳಿ” ಎಂದು ರಿಸೀವರನ್ನು ಕಾಗದದ ಹತ್ತಿರ ಹಿಡಿದು, ಹಸಿರು ಪೆನ್ನಿನ ನಿಬ್ಬನ್ನು ಬೇಕೆಂದೇ ಒತ್ತಿ, ಕರಕರ ಸದ್ದು ಬರುವಂತೆ ಸಹಿ ಹಾಕಿದೆ. ಚುಕ್ಕಿ ಎರಡನ್ನೂ ಕುಕ್ಕಿದೆ. ನನ್ನ ಜೀವಮಾನದ ಅತ್ಯುತ್ತಮ ಸಹಿ ಅದು, ಯಾವ ಸಂಶಯವೂ ಇಲ್ಲ.

“ಕೇಳಿಸ್ತಾ?”

“ಕೇಳಿಸ್ತಪ್ಪ,” ಎಂದರು ಅನಂತಯ್ಯನವರು.

ಸಾಕ್ಷಿ ಎಂಬ ಮಾತಿನಲ್ಲೇ ಕಣ್ಣಿದೆ. ಅಕ್ಷಿ ಎಂದರೆ ಕಣ್ಣು. ಕಣ್ಣಿನೊಡನೆ ಇದ್ದವನು ಸಾಕ್ಷಿ. ನಮ್ಮ ಹಳೆಯ ಪತ್ರಗಳಲ್ಲಿ ‘ಸಮಕ್ಷಮ’ ಎಂದು ಬರೆಯುತ್ತಿದ್ದರಲ್ಲ, ಅದರೊಳಗೂ ಕಣ್ಣೇ ಕೂತಿದೆ. ಕಿವಿಯೊಡನೆ ಇದ್ದವನಿಗೆ ನಮ್ಮ ಭಾಷೆಯಲ್ಲಿ ಬೇರೆ ಹೆಸರುಗಳಿವೆ, ಯಾವುವೂ ಗೌರವದವಲ್ಲ. ನಮ್ಮ ಶಾಸನದ ಕಲ್ಲುಗಳ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತುತ್ತಿದ್ದರು. ಅವರಿರುವ ತನಕ ದಾನ ನಡೆಯಲಿ ಎಂಬ ಅರ್ಥ ಅದಕ್ಕಿದೆಯೆಂದು ಪಂಡಿತರು ಹೇಳುತ್ತಾರೆ. ನನಗೆ ಇನ್ನೊಂದು ಕಾರಣವೂ ಕಾಣುತ್ತದೆ: ಅವರಿಬ್ಬರೂ ದಿನವೂ ಖುದ್ದಾಗಿ ಬರುತ್ತಾರೆ, ಯಾರ ಕೈಲೂ ಹೇಳಿಕಳಿಸುವುದಿಲ್ಲ. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ನಾನು ಕಾಣುವ ಕೆಲಸವನ್ನೇ ಕೈಬಿಟ್ಟಿದ್ದೆ. ಈ ಪಾಂಡಿತ್ಯವೆಲ್ಲ ಆಮೇಲೆ ಕೂಡಿಹಾಕಿಕೊಂಡದ್ದು. ಅವಮಾನವಾದ ಮೇಲೆ ಮನುಷ್ಯ ಸಾಮಾನ್ಯವಾಗಿ ನಿಘಂಟು ತೆರೆಯುತ್ತಾನೆ.

ಎರಡು ವರ್ಷ ಕಳೆದು ಅನಂತಯ್ಯನವರು ತೀರಿಕೊಂಡರು. ನನಗೆ ಸುದ್ದಿ ತಲುಪುವ ಹೊತ್ತಿಗೆ ದಹನ ಮುಗಿದಿತ್ತು. ಪರಬರು ಕಚೇರಿಗೆ ಮಾಡಿದ ಫೋನು ನನ್ನ ಮೇಜಿಗೆ ತಡವಾಗಿ ಬಂತು. ಸೊಸೈಟಿಯವರೆಲ್ಲ ನೇರವಾಗಿ ಸುಡುಗಾಡಿಗೇ ಹೋಗಿದ್ದರಂತೆ, ನಾನು ಹೋಗಿದ್ದರೂ ಅಲ್ಲಿಗೇ ಹೋಗಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಆ ವಾರವೂ ಭಾಂಡುಪಿಗೆ ಹೋಗಲಿಲ್ಲ.

ಉಯಿಲಿನಲ್ಲಿ ಅವರು ಫ್ಲ್ಯಾಟನ್ನು ನೀಲವ್ವನಿಗೆ ಬರೆದಿದ್ದರು. ಮುಂಬಯಿಯಲ್ಲಿ ಉಯಿಲು ನಡೆಯಬೇಕಾದರೆ ಕೋರ್ಟು ಅದನ್ನು ಒಪ್ಪಬೇಕು. ಪರಬರು ಮಂಗಳೂರು ಕಡೆಯ ಶೆಟ್ಟಿ ಎಂಬ ವಕೀಲರನ್ನು ಗೊತ್ತು ಮಾಡಿ ನೀಲವ್ವನ ಕೈಲಿ ಅರ್ಜಿ ಹಾಕಿಸಿದರು. ಅರ್ಜಿಯ ಜೊತೆ ಒಬ್ಬ ಸಾಕ್ಷಿಯ ಅಫಿಡವಿಟ್ ಬೇಕು. ಇಬ್ಬರಲ್ಲಿ ಗೆಜೆಟೆಡ್ ಅಧಿಕಾರಿಯೇ ತೂಕವೆಂದು ನನ್ನನ್ನು ಆರಿಸಿದರು. ಟೈಪಾಗಿ ಬಂದ ಕಾಗದವನ್ನು ಶೆಟ್ಟರ ಗುಮಾಸ್ತ ಕಚೇರಿಗೆ ತಂದ. ನಾನು ಎಂದಿನಂತೆ ಕೊನೆಯ ಪುಟ ತಿರುವಿ ಸಹಿ ಹಾಕಿದೆ. ‘ಮೃತರು ನನ್ನ ಕಣ್ಣೆದುರಿನಲ್ಲಿ ಸಹಿ ಮಾಡಿದರು, ನಾನು ಅವರ ಕಣ್ಣೆದುರಿನಲ್ಲಿ ಸಹಿ ಮಾಡಿದೆ’ ಎಂದು ಅದರಲ್ಲಿ ನಾನು ಪ್ರಮಾಣ ಮಾಡಿದ್ದೆ.

ತುಮಕೂರಿನಲ್ಲಿ ಅನಂತಯ್ಯನವರ ಅಣ್ಣನ ಮಗನಿದ್ದ, ಸ್ಕೂಲು ಮೇಷ್ಟ್ರು. ಅವನು ತಕರಾರು ಹಾಕಿದ. ಅಡುಗೆಯವಳು ಮುದುಕರಿಂದ ಬರೆಸಿಕೊಂಡಿದ್ದಾಳೆ, ಸಾಕ್ಷಿಗಳನ್ನು ವಿಚಾರಿಸಬೇಕು ಎಂದ. ನನಗೆ ಸಮನ್ಸು ಬಂತು. ಆಗ ಮೊದಲ ಬಾರಿ ನಾನು ನನ್ನ ಅಫಿಡವಿಟ್ಟನ್ನು ಓದಿದೆ.

ಮರುದಿನವೇ ಫೋರ್ಟಿನಲ್ಲಿದ್ದ ಶೆಟ್ಟರ ಆಫೀಸಿಗೆ ಹೋದೆ. ನನ್ನ ಸ್ನೇಹಿತರೊಬ್ಬರಿಗೆ ಒಂದು ಸಂಶಯವಿದೆ ಎಂದು ಶುರುಮಾಡಿದೆ. ಉಯಿಲಿಗೆ ಫೋನಿನಲ್ಲಿ ಕೇಳುತ್ತಾ ಸಾಕ್ಷಿ ಹಾಕಿದರೆ ಹೇಗೆ?

“ಫೋನಿನಲ್ಲಾ?” ಶೆಟ್ಟರು ಚಹಾದ ಗ್ಲಾಸು ಕೆಳಗಿಟ್ಟರು. “ಆಗುವುದಿಲ್ಲ ಮಾರಾಯ್ರೆ. ಫೋನು, ತಂತಿ, ಟೆಲೆಕ್ಸು, ನಾಳೆ ಇನ್ನೆಂತದೋ ಯಂತ್ರ ಬರ್ತದೆ, ಯಾವುದೂ ಆಗುವುದಿಲ್ಲ. ವ್ಯಾಪಾರ ಮಾಡ್ಲಿಕ್ಕೆ ಅದೆಲ್ಲ ಸಾಕು. ಉಯಿಲು ಬೇರೆ. ಅದನ್ನು ತೆರೆಯುವಾಗ ಬರೆದವ ಇರುವುದಿಲ್ಲ ಅಲ್ವಾ? ‘ಹೌದು, ನಾನೇ ಬರೆದದ್ದು’ ಅಂತ ಹೇಳ್ಲಿಕ್ಕೆ ಅವನ ಬದಲಿಗೆ ಇಬ್ಬರು ಬೇಕು. ಎದುರು ಅಂದ್ರೆ ಎದುರೇ.” ಆಮೇಲೆ ನನ್ನ ಮುಖ ನೋಡಿ ಅವರಿಗೆ ಆ ಸ್ನೇಹಿತ ಯಾರೆಂದು ತಿಳಿದುಹೋಯಿತು. “ಆ ಬಿಲ್ಡಿಂಗಿನ ವಾಚ್‌ಮನ್ ಬಂದು ಹೆಬ್ಬೆಟ್ಟು ಒತ್ತಿದ್ದರೂ ಸಾಕಿತ್ತು,” ಎಂದರು.

“ಈಗೇನು ಮಾಡಲಿ?” ಎಂದೆ.

“ಸುಳ್ಳು ಹೇಳಿ ಅಂತ ನಾನು ಹೇಳಬಾರದು. ನಿಜ ಹೇಳಿ ಅಂದ್ರೆ ಆ ಹೆಂಗಸಿನ ಮನೆ ಹೋಗ್ತದೆ. ಹಾಗಾಗಿ ನಾನು ಎಂತದೂ ಹೇಳುವುದಿಲ್ಲ.”

ಕೋರ್ಟಿನ ದಿನದ ತನಕ ನಾನು ಎರಡು ಮನಸ್ಸಿನಲ್ಲಿದ್ದೆ ಎಂದರೆ ಅದೂ ಪೂರಾ ನಿಜವಲ್ಲ. ಸುಳ್ಳು ಹೇಳುವುದೆಂದೇ ತೀರ್ಮಾನಿಸಿದ್ದೆ. ನೀಲವ್ವನ ಸಲುವಾಗಿ ಎಂದು ನನಗೆ ನಾನು ಹೇಳಿಕೊಂಡೆ. ನಿಜವಾಗಿ ನನಗಿದ್ದ ಭಯ, ಅಫಿಡವಿಟ್ಟಿನಲ್ಲಿ ಸುಳ್ಳು ಪ್ರಮಾಣ ಮಾಡಿದ ಅಧಿಕಾರಿಯೆಂದು ಕಚೇರಿಗೆ ತಿಳಿದರೆ ಏನು ಗತಿ ಎಂಬುದು. ಪರೋಪಕಾರ ಮತ್ತು ಪುಕ್ಕಲುತನ ಒಂದೇ ಲೋಕಲ್ ಗಾಡಿಯಲ್ಲಿ ಹೊರಟರೆ ಯಾರು ಯಾರೆಂದು ಗುರುತಿಸುವುದು ಕಷ್ಟ.

ಮೇಷ್ಟ್ರ ಪರವಾಗಿ ಒಬ್ಬ ವಯಸ್ಸಾದ ಪಾರ್ಸಿ ವಕೀಲರಿದ್ದರು. ಅಷ್ಟು ವಿನಯದ ಮನುಷ್ಯರನ್ನು ನಾನು ಕಂಡಿಲ್ಲ. ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ಮೃತರು ಎಷ್ಟು ವರ್ಷದ ಪರಿಚಯ ಎಂದು ಕೇಳಿದರು. ಇಪ್ಪತ್ತು ವರ್ಷಕ್ಕೂ ಮೇಲೆ ಎಂದೆ. ಆತ್ಮೀಯರೇ? ತಂದೆಯ ಹಾಗಿದ್ದರು ಎಂದೆ. ಅವರು ಸಹಿ ಹಾಕಿದ್ದನ್ನು ನೋಡಿದಿರೇ? ನೋಡಿದೆ ಎಂದೆ. ಅವರ ಮನೆಯಲ್ಲಿ? ಹೌದು, ಅವರ ಮನೆಯಲ್ಲಿ.

“ಹಾಗಾದರೆ ನನಗೊಂದು ಸಹಾಯ ಮಾಡಿ,” ಎಂದರು. “ನಾನು ಭಾಂಡುಪ್ ನೋಡಿಲ್ಲ. ಬಾಗಿಲಿನಿಂದ ಒಳಗೆ ಹೋದರೆ ಕಿಟಕಿ ಯಾವ ಕಡೆಗಿದೆ?”

ನಾನು ಎಡಕ್ಕೆ ಎಂದೆ.

ನೀಲವ್ವ ಹಿಂದಿನ ಬೆಂಚಿನಲ್ಲಿ ಪರಬರ ಪಕ್ಕ ಕೂತಿದ್ದಳು. ಇಂಗ್ಲಿಷು ಬರದಿದ್ದರೂ ಲೆಫ್ಟು, ರೈಟು, ವಿಂಡೋ ತಿಳಿಯದವರು ಮುಂಬಯಿಯಲ್ಲಿಲ್ಲ. ಅವಳು ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಬಲಗೈ ಎತ್ತಿ ಬಲಭುಜ ಮುಟ್ಟಿಕೊಂಡಳು. ನಾನು ಆ ಭಾನುವಾರ ಎಲ್ಲಿ ಕೂತು ಸಹಿ ಹಾಕಿದೆನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಅಲ್ಲಿಂದ ನನಗೆ ಹೇಳಿಕೊಡುತ್ತಿದ್ದಳು.

“ಕ್ಷಮಿಸಿ, ಬಲಕ್ಕೆ,” ಎಂದೆ.

“ಆಗಲಿ, ಬಲಕ್ಕೆ. ಮೃತರು ಕೂತ ಮಂಚದ ಮೇಲಿನ ಗೋಡೆಯಲ್ಲಿ ಒಂದು ಫೋಟೋ ಇತ್ತು. ಇಡೀ ಮನೆಯಲ್ಲಿ ಇದ್ದದ್ದು ಅದೊಂದೇ ಫೋಟೋ. ಯಾರದೆಂದು ನೆನಪಿದೆಯೇ?”

ನೀಲವ್ವನ ಕೈ ಮೇಲೆದ್ದು ನಿಂತಿತು. ಕೈಸನ್ನೆಯಲ್ಲಿ ಫೋಟೋ ಹೇಳುವುದು ಹೇಗೆ? ನಾನು ದೇವರ ಫೋಟೋ ಇರಬೇಕು ಎಂದೆ. ಅವರ ಹೆಂಡತಿಯದು ಇರಬಹುದು ಎಂದೆ.

ವಕೀಲರು ಮೇಜಿನಿಂದ ಒಂದು ಚಿತ್ರ ತೆಗೆದು ನನ್ನ ಕೈಗೆ ಕಳಿಸಿದರು. ಮೇಷ್ಟ್ರು ಕೋಣೆಯನ್ನು ಕ್ಯಾಮರಾದಲ್ಲಿ ಹಿಡಿದಿದ್ದ. ಮಂಚ, ಬಲಕ್ಕೆ ಕಿಟಕಿ, ಗೋಡೆಯ ಮೇಲೆ ಕಟ್ಟುಹಾಕಿಸಿದ ಫೋಟೋ. ಅದರಲ್ಲಿ ಬಾಸಿಂಗ ಕಟ್ಟಿದ ನಾನು, ಪಕ್ಕದಲ್ಲಿ ಸರೋಜ, ನಮ್ಮ ಹಿಂದೆ ಪಂಚೆ ಉಟ್ಟು ನೆಟ್ಟಗೆ ನಿಂತ ಅನಂತಯ್ಯನವರು.

“ನಿಮ್ಮದೇ ಮದುವೆ ಎಂದು ಕಾಣುತ್ತದೆ,” ಎಂದರು ವಕೀಲರು. ಆ ದನಿಯಲ್ಲಿ ಚುಚ್ಚುವಂಥದ್ದು ಏನೂ ಇರಲಿಲ್ಲ.

ನಾನು ಆ ಮನೆಗೆ ಹೋಗಿಲ್ಲ ಎಂದೆ. ಒಂದು ಸಲವೂ ಹೋಗಿಲ್ಲ. ವಿಲೆ ಪಾರ್ಲೆಯ ನನ್ನ ಮನೆಯಲ್ಲಿ ಕೂತು ಫೋನಿನಲ್ಲಿ ಕೇಳುತ್ತಾ ಸಾಕ್ಷಿ ಹಾಕಿದೆ. ಆದರೆ ಆ ಸಹಿ ಅವರದೇ, ಆ ಇಚ್ಛೆ ಅವರದೇ, ನನ್ನ ಕಿವಿಯಾರೆ ಕೇಳಿದ್ದೇನೆ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ನಿಮ್ಮ ಸಹಿಗೆ ಮೃತರು ಹಾಜರಿದ್ದದ್ದು ಹೇಗೆ ಎಂದು ಕೇಳಿದರು. ರಿಸೀವರನ್ನು ನಿಬ್ಬಿನ ಹತ್ತಿರ ಹಿಡಿದಿದ್ದೆ, ಸದ್ದು ಕೇಳಿಸಿತೆಂದು ಅವರು ಹೇಳಿದರು ಎಂದೆ. ಕೋರ್ಟು ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. ನಾನು ಹೇಳಿದ್ದನ್ನು ಸ್ಟೆನೋಗ್ರಾಫರಿಗೆ ಒಂದೊಂದೇ ಶಬ್ದವಾಗಿ ಹೇಳಿ ಬರೆಸಿದರು: ರಿಸೀವರು, ನಿಬ್ಬು, ಸದ್ದು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ನೀವು ಗೆಜೆಟೆಡ್ ಅಧಿಕಾರಿ,” ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಸುಳ್ಳು ಪ್ರಮಾಣಕ್ಕೆ ಅವರು ನನ್ನ ಮೇಲೆ ಏನು ಬೇಕಾದರೂ ಮಾಡಬಹುದಿತ್ತು. ಕೊನೆಗಾದರೂ ತಿದ್ದಿಕೊಂಡನೆಂದು ಬಿಟ್ಟುಬಿಟ್ಟರು. ಉಯಿಲಿಗೆ ಒಬ್ಬನೇ ಸಾಕ್ಷಿ ಉಳಿದ, ಇಬ್ಬರು ಬೇಕಾಗಿತ್ತು. ಉಯಿಲು ಬಿದ್ದುಹೋಯಿತು.

ಹೊರಗೆ ಪಡಸಾಲೆಯಲ್ಲಿ ಮೇಷ್ಟ್ರು ನನ್ನ ಕೈ ಹಿಡಿದುಕೊಂಡ. ಕೆಟ್ಟವನಲ್ಲ, ಮೂರು ಹೆಣ್ಣುಮಕ್ಕಳ ತಂದೆ. “ತುಂಬಾ ಉಪಕಾರ ಆಯ್ತು ಸಾರ್, ನಿಮ್ಮಂಥೋರು ಇರಬೇಕು,” ಎಂದ. ನನಗೆ ಯಾರೂ ಅದಕ್ಕಿಂತ ಕಠಿಣವಾದ ಮಾತು ಆಡಿಲ್ಲ. ನೀಲವ್ವ ಆಚೆ ಕಂಬದ ಹತ್ತಿರ ಶೆಟ್ಟರ ಮಾತು ಕೇಳುತ್ತ ನಿಂತಿದ್ದಳು. ನಾನು ಇನ್ನೊಂದು ಮೆಟ್ಟಿಲಿನಿಂದ ಇಳಿದು ಚರ್ಚ್‌ಗೇಟಿನ ಕಡೆ ನಡೆದುಬಿಟ್ಟೆ.

ಆ ವರ್ಷವೇ ನಮ್ಮ ಕಚೇರಿಗೆ ಫ್ಯಾಕ್ಸ್ ಯಂತ್ರ ಬಂತು. ಹೂವಿನ ಹಾರ ಹಾಕಿ, ಕಾಯಿ ಒಡೆದು, ಎಲ್ಲರೂ ಸುತ್ತ ನಿಂತು, ದೆಹಲಿಯಲ್ಲಿ ಹಾಕಿದ ಸಹಿ ಮುಂಬಯಿಯಲ್ಲಿ ಸುರುಳಿ ಬಿಚ್ಚಿಕೊಂಡು ಬರುವುದನ್ನು ನೋಡಿದೆವು. ಕೂಡಲೇ ಸಮಸ್ಯೆ ಎದ್ದಿತು: ಬಂದದ್ದು ಸಹಿಯೋ, ಸಹಿಯ ಚಿತ್ರವೋ? ತಂತಿಯಲ್ಲಿ ಬಂದ ಆದೇಶಕ್ಕೆ ಹಿಂದೆಯೇ ಅಂಚೆಯಲ್ಲಿ ಪ್ರತಿ ಬರಬೇಕೆಂಬ ಹಳೆಯ ನಿಯಮ ಇದಕ್ಕೂ ಬೇಕೋ ಬೇಡವೋ? ಮೇಲಧಿಕಾರಿ ಒಂದು ಟಿಪ್ಪಣಿ ಬರೆಯಲು ನನ್ನನ್ನು ಆರಿಸಿದರು. ನನ್ನ ಕೋರ್ಟಿನ ಕಥೆ ಅವರ ಕಿವಿಗೆ ಬಿದ್ದಿತ್ತೋ, ಬರೀ ನನ್ನ ಹಣೆಬರಹವೋ ತಿಳಿಯದು. ಮೂರು ಪುಟ ಬರೆದೆ. ಎಲ್ಲರೂ ಮೆಚ್ಚಿದರು. ಯಂತ್ರ ಸಹಿಯನ್ನು ತರಬಲ್ಲದು, ಸಹಿ ಮಾಡಿದವನನ್ನು ತರಲಾರದು ಎಂದು ಅದರಲ್ಲೊಂದು ವಾಕ್ಯವಿತ್ತು. ಎಷ್ಟೋ ವರ್ಷಗಳ ಮೇಲೆ, ಕಂಪ್ಯೂಟರಿನಲ್ಲಿ ಮಾಡಿದ ಸಹಿಯೂ ಸಹಿಯೇ ಎಂದು ದೇಶಕ್ಕೆಲ್ಲ ಕಾಯ್ದೆ ಬಂದಾಗ ಪತ್ರಿಕೆಯಲ್ಲಿ ಬಹಳ ಆಸಕ್ತಿಯಿಂದ ಓದಿದೆ. ಹಲವಾರು ಕೆಲಸಗಳಿಗೆ ಅದು ಸಲ್ಲುತ್ತದೆ, ಉಯಿಲಿಗೆ ಮಾತ್ರ ಸಲ್ಲುವುದಿಲ್ಲ ಎಂದಿತ್ತು. ಆ ಕಾಯ್ದೆ ಬರೆದವರಿಗೆ ನನ್ನ ಪರಿಚಯ ಇರಲಿಕ್ಕಿಲ್ಲ. ನನ್ನಂಥವರ ಪರಿಚಯ ಇದ್ದೇ ಇರಬೇಕು.

ನೀಲವ್ವ ದಹಿಸರಿನಲ್ಲಿದ್ದ ತಂಗಿಯ ಮನೆಗೆ ಹೋದಳೆಂದು ಪರಬರಿಂದ ತಿಳಿಯಿತು. ಹೋಗಿ ಕ್ಷಮೆ ಕೇಳಬೇಕೆಂದುಕೊಂಡೆ. ದಹಿಸರ್ ನಮ್ಮ ಲೈನಿನ ಮೇಲೇ ಇದೆ, ಗಾಡಿ ಬದಲಿಸುವ ಕಷ್ಟವೂ ಇಲ್ಲ. ಒಂದು ಭಾನುವಾರ ಹೊರಟು ಬೋರಿವಲಿಯಲ್ಲಿ ಇಳಿದು ವಾಪಸಾದೆ. ಇನ್ನೊಂದು ಭಾನುವಾರ ದಹಿಸರ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಪತ್ರಿಕೆಯನ್ನು ಜಾಹೀರಾತು ಸಹಿತ ಓದಿ ಮುಗಿಸಿ ಬಂದೆ. “ಇವತ್ತು ಸಿಕ್ಕಳಾ?” ಎಂದು ಸರೋಜ ಕೇಳಿದಾಗ “ಮನೆ ಗೊತ್ತಾಗಲಿಲ್ಲ” ಎಂದೆ. ಮುಂದಿನ ಭಾನುವಾರ ಅವಳೇ ಪರಬರಿಗೆ ಫೋನು ಮಾಡಿ ವಿಳಾಸ ಬರೆದುಕೊಂಡು ಚೀಟಿಯನ್ನು ನನ್ನ ಜೇಬಿಗೆ ಹಾಕಿದಳು.

ಹೊಳೆಯ ಆಚೆ ತಗಡಿನ ಮಾಡಿನ ಚಾಳು. ನೀಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ, ಮುಖ ತಿರುಗಿಸಲೂ ಇಲ್ಲ. “ಬರ್ರಿ ಸಾಹೇಬ್ರ, ಕುಂದರ್ರಿ,” ಎಂದು ಮಣೆ ಸರಿಸಿದಳು. ನಾನು ಕೂತೆ. ಅವಳ ಕೈ ನಿಲ್ಲಲಿಲ್ಲ. ಒಂದು ರೊಟ್ಟಿ ಹೆಂಚಿಗೆ, ಇನ್ನೊಂದು ಕೈಯಲ್ಲಿ.

ಹೇಳಬೇಕಾದ್ದನ್ನು ನಾನು ಗಾಡಿಯಲ್ಲಿ ಕೂತು ಜೋಡಿಸಿಕೊಂಡಿದ್ದೆ. ತಪ್ಪಾಯಿತು ಎಂದೆ. ನನ್ನಿಂದಲೇ ನಿನ್ನ ಮನೆ ಹೋಯಿತು ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಒಳಗೆಲ್ಲೋ ಒಂದು ಆಸೆ ಕೂತಿತ್ತು. ಕೊನೆಗಾದರೂ ನಿಜ ಹೇಳಿದನಲ್ಲ ಎಂದು ಇವಳಾದರೂ ಅನ್ನಲಿ ಎಂಬ ಆಸೆ. “ಏನು ಮಾಡಲಿ ನೀಲವ್ವ, ಅಲ್ಲಿ ನಿಂತು ಸುಳ್ಳು ಹೇಳೋಕೆ ನನ್ನಿಂದ ಆಗಲಿಲ್ಲ,” ಎಂದೆ.

ಅವಳು ರೊಟ್ಟಿ ತಿರುವಿಹಾಕಿದಳು.

“ನಿಮಗ ಸುಳ್ಳು ಹೇಳ್ರಿ ಅಂತ ಯಾರ ಅಂದಿದ್ರರಿ?” ಎಂದಳು. ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. “ಅಜ್ಜಾರು ಒಂದ ಐತವಾರ ಬಂದು ಹೋಗಪಾ ಅಂದಿದ್ರು. ಅಷ್ಟ.”

ಅವಳು ತಟ್ಟೆಯಲ್ಲಿ ಎರಡು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಮುಂದಿಟ್ಟಳು. ತಿಂದೆ. ಮೂರನೆಯದನ್ನೂ ಹಾಕಿದಳು, ಅದನ್ನೂ ತಿಂದೆ. ಹೊರಡಲು ಎದ್ದಾಗ ಹೊರಗಿನ ಬಿಸಿಲು ನೋಡಿ ಕೇಳಿದಳು: “ಈ ಹೊತ್ತಿನ್ಯಾಗ ನಿಮಗ ಗಾಡಿ ಸಿಗತಾವೇನ್ರಿ?”

“ಹತ್ತು ನಿಮಿಷಕ್ಕೊಂದು ಇರತ್ತೆ ನೀಲವ್ವ, ಎಲ್ಲಾ ಕಡೆಗೂ,” ಎಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.